ಚಳವಳಿಯ ಹುಂಡಿಗೆ ಕ್ರಿಪ್ಟೊ ನಾಣ್ಯ: ನಮ್ಮ ವಾರ್ಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಘಾಟ್‌ಕೋಪರ್ ಪಶ್ಚಿಮದ ಗುಡ್ಡದ ಮೇಲಿನ ಚಾಳುಗಳಲ್ಲಿ ನೀರು, ಚರಂಡಿ, ತಡೆಗೋಡೆ ಎಂದು ಹನ್ನೊಂದು ವರ್ಷಗಳಿಂದ ಪಾಲಿಕೆಯ ಬಾಗಿಲು ಬಡಿಯುತ್ತಿರುವ ಒಂದು ನಾಗರಿಕ ಗುಂಪಿಗೆ ನಾನು ಖಜಾಂಚಿ. ಹೋಟೆಲಿನಲ್ಲಿ ದುಡಿಯುವವರು, ರಿಕ್ಷಾ ಓಡಿಸುವವರು, ಮನೆಗೆಲಸದ ಹೆಂಗಸರು, ಈಚೆಗೆ ನಾಲ್ಕೈದು ಮಂದಿ ಕಂಪ್ಯೂಟರ್ ಹುಡುಗರು ಸೇರಿ ನಡೆಸುವ ಗುಂಪು ಇದು. ಸಭೆಯಲ್ಲಿ ಕನ್ನಡ, ತುಳು, ಮರಾಠಿ, ಭೋಜಪುರಿ ಎಲ್ಲವೂ ಕೇಳಿಸುತ್ತವೆ. ಲೆಕ್ಕದ ಪುಸ್ತಕ ಮಾತ್ರ ಕನ್ನಡದಲ್ಲಿದೆ, ಬರೆಯುವವಳು ನಾನಾದ್ದರಿಂದ.

ಎರಡು ವರ್ಷಗಳಿಂದ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಮೊಬೈಲ್ ಎತ್ತಿ ಹಿಡಿದು, “ಅಕ್ಕ, ಕ್ರಿಪ್ಟೊದಲ್ಲಿ ದೇಣಿಗೆ ತೆಗೆದುಕೊಳ್ಳೋಣ” ಎನ್ನುತ್ತಾರೆ. ಬೇರೆ ವಾರ್ಡುಗಳ ಕನ್ನಡಿಗರೂ ಇದನ್ನೇ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಗಂಟಲು ಒಣಗಿದೆ. ನಾನು ವಕೀಲಳಲ್ಲ. ಫೋರ್ಟ್‌ನ ಲೆಕ್ಕಪತ್ರ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಆ ಕಣ್ಣಿನಿಂದ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕ್ರಿಪ್ಟೊದಲ್ಲಿ ದೇಣಿಗೆ ಪಡೆಯುವುದು ಎಂದರೆ ನಿಜಕ್ಕೂ ಏನು ನಡೆಯುತ್ತದೆ?

ಕ್ರಿಪ್ಟೊ ಎಂದರೆ ಕಂಪ್ಯೂಟರ್ ಜಾಲದಲ್ಲಿ ಮಾತ್ರ ಇರುವ ನಾಣ್ಯ. ಅದನ್ನು ಪಡೆಯಲು ಗುಂಪಿನವರು ಒಂದು ವಾಲೆಟ್ ತೆರೆಯುತ್ತಾರೆ. ವಾಲೆಟ್ ಎಂದರೆ ಚೀಲವಲ್ಲ, ಗುಟ್ಟಿನ ಡಿಜಿಟಲ್ ಕೀಲಿ. ಆ ಕೀಲಿಗೆ ಹೊಂದಿಕೊಂಡ ಒಂದು ವಿಳಾಸ ಹುಟ್ಟುತ್ತದೆ. ಅಕ್ಷರ ಮತ್ತು ಅಂಕಿಗಳ ಉದ್ದನೆಯ ಸಾಲು. ಇಂಥ ನಾಣ್ಯಗಳು ಓಡಾಡುವ ಜಾಲಗಳಲ್ಲಿ ಒಂದಾದ ಟ್ರಾನ್‌ನ ವಿಳಾಸವಾದರೆ ‘ಟಿ’ ಅಕ್ಷರದಿಂದ ಶುರುವಾಗಿ ಒಟ್ಟು 34 ಅಕ್ಷರಗಳು. ಮೊದಲ ಸಲ ನಮ್ಮ ಹುಡುಗ ಅದನ್ನು ತೋರಿಸಿದಾಗ ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಹದಿನೇಳನೆಯದರಲ್ಲಿ ತಪ್ಪಿದೆ.

ಕೊಡುವವರು ಆ ವಿಳಾಸಕ್ಕೆ ಬಿಟ್‌ಕಾಯಿನ್, ಈಥರ್ ಅಥವಾ ಡಾಲರಿನ ಬೆಲೆಗೆ ಕಟ್ಟಿಹಾಕಿದ ಯುಎಸ್‌ಡಿಟಿಯಂಥ ನಾಣ್ಯವನ್ನು ಕಳುಹಿಸುತ್ತಾರೆ. ನಡುವೆ ಬ್ಯಾಂಕ್ ಇಲ್ಲ. ವ್ಯವಹಾರ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಕಡತದಲ್ಲಿ ದಾಖಲಾಗುತ್ತದೆ. ಬಿಟ್‌ಕಾಯಿನ್‌ನಲ್ಲಿ ಸುಮಾರು ಹತ್ತು ನಿಮಿಷಕ್ಕೊಮ್ಮೆ ಆ ಕಡತಕ್ಕೆ ಹೊಸ ಪುಟ ಸೇರುತ್ತದೆ. ಒಂದು ಬಿಟ್‌ಕಾಯಿನ್‌ನಲ್ಲಿ ಸಟೋಶಿ ಎಂಬ 10 ಕೋಟಿ ಚಿಲ್ಲರೆ ಪಾಲುಗಳಿರುವುದರಿಂದ ಐವತ್ತು ರೂಪಾಯಿಯಷ್ಟನ್ನೂ ಕಳುಹಿಸಬಹುದು. ಆದರೆ ಕಳುಹಿಸುವ ಶುಲ್ಕವೇ ಕೆಲವು ದಿನ ಐವತ್ತಕ್ಕಿಂತ ಹೆಚ್ಚಾಗಿರುತ್ತದೆ. ನಮ್ಮ ವಂತಿಗೆ ತಿಂಗಳಿಗೆ ಐವತ್ತೇ ರೂಪಾಯಿ ಎಂಬುದನ್ನು ನೆನಪಿಡಿ.

ಒಮ್ಮೆ ಹೋದದ್ದು ಹಿಂದೆ ಬರುವುದಿಲ್ಲ. ತಪ್ಪು ಜಾಲಕ್ಕೆ ಕಳುಹಿಸಿದರೂ ಅಷ್ಟೇ, ತಪ್ಪು ವಿಳಾಸಕ್ಕೆ ಕಳುಹಿಸಿದರೂ ಅಷ್ಟೇ. ದೂರು ಕೊಡಲು ಶಾಖಾ ವ್ಯವಸ್ಥಾಪಕರೇ ಇಲ್ಲ.

ಇದು ಕಾನೂನುಬಾಹಿರವೇ?

ಕ್ರಿಪ್ಟೊ ಇಟ್ಟುಕೊಳ್ಳುವುದು ಅಪರಾಧವಲ್ಲ. ಬ್ಯಾಂಕುಗಳು ಈ ವ್ಯವಹಾರಗಳಿಗೆ ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಸುತ್ತೋಲೆ ಹೊರಡಿಸಿತ್ತು. ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಅದನ್ನು ರದ್ದು ಮಾಡಿತು. 2022ರಲ್ಲಿ ತೆರಿಗೆ ಬಂತು. 2023ರ ಮಾರ್ಚ್ 7ರ ಅಧಿಸೂಚನೆಯಿಂದ, ಇಂಥ ನಾಣ್ಯ ಕೊಳ್ಳುವ ಮಾರುವ ಕಟ್ಟೆಗಳಾದ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದವು. ಗ್ರಾಹಕರ ಗುರುತು ಇಟ್ಟುಕೊಳ್ಳುವುದು, ಅನುಮಾನದ ವ್ಯವಹಾರಗಳನ್ನು ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸುವುದು ಅವುಗಳ ಕರ್ತವ್ಯವಾಯಿತು.

ಹಾಗೆಂದು ಇದು ರೂಪಾಯಿಯಂತೆ ಹಣವೂ ಅಲ್ಲ. ತೆರಿಗೆಯವರ ಭಾಷೆಯಲ್ಲಿ ಅದು ‘ವರ್ಚುವಲ್ ಡಿಜಿಟಲ್ ಆಸ್ತಿ’. ಯಾರಾದರೂ ನಿಮ್ಮ ಗುಂಪಿಗೆ ಬಿಟ್‌ಕಾಯಿನ್ ಕೊಟ್ಟರೆ ಅದು ಚಂದಾ ಕೊಟ್ಟಂತೆ ಅಲ್ಲ, ಬೆಲೆ ದಿನಕ್ಕೊಂದಾಗುವ ಒಂದು ಹಸುವನ್ನು ತಂದು ಅಂಗಳದಲ್ಲಿ ಕಟ್ಟಿಹೋದಂತೆ. ಅದರ ಮೇವು, ಬೆಲೆ, ಮಾರಾಟ, ತೆರಿಗೆ ಎಲ್ಲವೂ ಇನ್ನು ನಿಮ್ಮ ತಲೆಯ ಮೇಲೆ.

ನಮ್ಮದು ಪಕ್ಷವಲ್ಲ, ಗುಂಪು. ನಮಗೆ ಯಾವ ನಿಯಮ?

ಎಲ್ಲ ತೊಡಕೂ ಶುರುವಾಗುವುದು ಇಲ್ಲಿಂದಲೇ. ‘ಗುಂಪು’ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಜೀವಿಗಳಿವೆ.

ಮೊದಲನೆಯದು ನೋಂದಾಯಿತ ರಾಜಕೀಯ ಪಕ್ಷ. ಎರಡನೆಯದು ಪಕ್ಷೇತರ ಅಭ್ಯರ್ಥಿ ಮತ್ತು ಅವರ ಬೆಂಬಲಿಗರು. ಮುಂಬಯಿ ಪಾಲಿಕೆಯ 227 ವಾರ್ಡುಗಳಲ್ಲಿ ಚುನಾವಣೆ ಬಂದಾಗ ಇಂಥವರು ಮಳೆಗಾಲದ ಅಣಬೆಗಳಂತೆ ಏಳುತ್ತಾರೆ. ಪಾಲಿಕೆಯ ಚುನಾವಣೆ ರಾಜ್ಯ ಚುನಾವಣಾ ಆಯೋಗದ ಕೆಲಸ, ವಿಧಾನಸಭೆ ಮತ್ತು ಲೋಕಸಭೆಯದ್ದು ಭಾರತ ಚುನಾವಣಾ ಆಯೋಗದ್ದು. ಇಬ್ಬರೂ ಅಭ್ಯರ್ಥಿಯ ಖರ್ಚಿನ ಲೆಕ್ಕ ಕೇಳುತ್ತಾರೆ. ವಿಧಾನಸಭೆಗೆ ನಿಂತವರು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಫಲಿತಾಂಶದ ನಂತರ 30 ದಿನಗಳೊಳಗೆ ಲೆಕ್ಕ ಸಲ್ಲಿಸಬೇಕು. ಬ್ಯಾಂಕ್ ಖಾತೆಯೊಳಗೆ ಬಿಟ್‌ಕಾಯಿನ್ ಬಂದು ಕೂರುವುದಿಲ್ಲ. ಮೊದಲು ಯಾರೋ ಅದನ್ನು ಮಾರಬೇಕು. ಆ ‘ಯಾರೋ’ ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಮುಂದೆ ಹೋಗಬೇಡಿ.

ಮೂರನೆಯದು ನಮ್ಮಂಥ ನೋಂದಣಿಯಿಲ್ಲದ ನಾಗರಿಕ ಗುಂಪು. ಬ್ಯಾಂಕ್ ಖಾತೆ ತೆರೆಯಲು ನಿಯಮಾವಳಿ, ಠರಾವು, ಪ್ಯಾನ್ ಬೇಕು. ಅವಿಲ್ಲದವರು ಅಧ್ಯಕ್ಷರ ಸ್ವಂತ ಖಾತೆಗೆ ಹಣ ಹಾಕಿಸುತ್ತಾರೆ, ಆಮೇಲೆ ಜಗಳವಾಡುತ್ತಾರೆ.

ನಾಲ್ಕನೆಯದು ಟ್ರಸ್ಟ್. ಇದಕ್ಕೆ ಬೇರೆಯೇ ಉತ್ತರ ಬೇಕು.

ನಮ್ಮ ಕನ್ನಡ ಸಂಘದ ಖಾತೆಯನ್ನೇ ಬಳಸಬಹುದಲ್ಲವೇ?

ಬೇಡ. ಕೈಮುಗಿದು ಹೇಳುತ್ತೇನೆ, ಬೇಡ.

ಮುಂಬಯಿಯ ಬಹಳಷ್ಟು ಕನ್ನಡ ಸಂಘಗಳು, ಜಾತಿ ಸಂಘಗಳು, ಭಜನಾ ಮಂಡಳಿಗಳು 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ನೋಂದಣಿಯಾಗಿವೆ. ವರ್ಲಿಯ ಧರ್ಮದಾಯ ಆಯುಕ್ತರ ಕಚೇರಿಗೆ ಪ್ರತಿವರ್ಷ ಲೆಕ್ಕ ಕೊಡಬೇಕು. ರಾಜಕೀಯ ಉದ್ದೇಶ ಧರ್ಮಾರ್ಥ ಉದ್ದೇಶವಲ್ಲ. ಇನ್ನು ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ತನ್ನ ಹಣವನ್ನು ಎಲ್ಲೆಲ್ಲಿ ತೊಡಗಿಸಬಹುದು ಎಂಬುದಕ್ಕೆ ಕಾಯ್ದೆಯಲ್ಲೇ ಪಟ್ಟಿ ಇದೆ. ಅದರಲ್ಲಿ ಕ್ರಿಪ್ಟೊ ಇಲ್ಲ. ಯಾರದೋ ಚುನಾವಣೆಗೆ ಬಂದ ನಾಣ್ಯ ಸಂಘದ ಪುಸ್ತಕಕ್ಕೆ ಬಿದ್ದರೆ ರಾತ್ರಿ ಶಾಲೆ, ವಾಚನಾಲಯ, ವಿದ್ಯಾರ್ಥಿವೇತನ ಎಲ್ಲವೂ ಒಂದು ನೋಟಿಸಿನ ಹಿಂದೆ ಸಾಲು ನಿಲ್ಲಬೇಕಾಗುತ್ತದೆ. ಹಿರಿಯರು ಹೋಟೆಲಿನ ಹುಡುಗರ ಕೈಯಿಂದ ನಾಲ್ಕಾಣೆ, ಎಂಟಾಣೆ ಕೂಡಿಸಿ ಕಟ್ಟಿದ ಸಂಸ್ಥೆಗಳಿವು. ಅವುಗಳ ಪಾಡಿಗೆ ಅವುಗಳನ್ನು ಬಿಡಿ.

ನೋಂದಾಯಿತ ಪಕ್ಷ ಕ್ರಿಪ್ಟೊ ಪಡೆದರೆ ಏನಾಗುತ್ತದೆ?

1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಕ್ರಿಪ್ಟೊ ಎಂಬ ಪದವೇ ಇಲ್ಲ. ಅದರ 29ಬಿ ಕಲಂ ವ್ಯಕ್ತಿಗಳಿಂದ ಮತ್ತು ಸರ್ಕಾರಿಯಲ್ಲದ ಕಂಪನಿಗಳಿಂದ ದೇಣಿಗೆ ಪಡೆಯಲು ಪಕ್ಷಗಳಿಗೆ ಅನುಮತಿ ಕೊಡುತ್ತದೆ, ವಿದೇಶಿ ಮೂಲಗಳಿಗೆ ಬಾಗಿಲು ಮುಚ್ಚುತ್ತದೆ. 29ಸಿ ಪ್ರಕಾರ 20,000 ರೂಪಾಯಿ ಮೀರಿ ಕೊಟ್ಟವರ ಹೆಸರುಗಳನ್ನು ಆಯೋಗಕ್ಕೆ ತಿಳಿಸಬೇಕು.

ಬಿಸಿ ತಟ್ಟುವುದು ಆದಾಯ ತೆರಿಗೆಯಲ್ಲಿ. ಪಕ್ಷಗಳ ಆದಾಯಕ್ಕೆ ತೆರಿಗೆ ಇಲ್ಲ ಎನ್ನುವ 13ಎ ಕಲಮಿಗೆ 2017ರಲ್ಲಿ ಷರತ್ತು ಸೇರಿತು: 2,000 ರೂಪಾಯಿ ಮೀರಿದ ದೇಣಿಗೆ ಚೆಕ್, ಡ್ರಾಫ್ಟ್, ಬ್ಯಾಂಕಿನ ವಿದ್ಯುನ್ಮಾನ ವರ್ಗಾವಣೆಯಂಥ ಗೊತ್ತುಪಡಿಸಿದ ಮಾರ್ಗಗಳಲ್ಲೇ ಬರಬೇಕು. ವಾಲೆಟ್ ಆ ಮಾರ್ಗಗಳಲ್ಲಿ ಒಂದಲ್ಲ. ಷರತ್ತು ಮುರಿದರೆ ವಿನಾಯಿತಿಗೇ ಕುತ್ತು. ಕಲಂ ಸಂಖ್ಯೆಗಳನ್ನು ನಾನು 1961ರ ಕಾಯ್ದೆಯ ಪ್ರಕಾರ ಹೇಳುತ್ತಿದ್ದೇನೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ.

ದುಬೈಯಲ್ಲಿರುವ ಭಾವ, ಅಮೆರಿಕದಲ್ಲಿರುವ ಮಗಳು ಕಳುಹಿಸಿದರೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕ್ರಿಪ್ಟೊದ ಆಸೆ ಹುಟ್ಟುವುದೇ ಇಲ್ಲಿಂದ: ಊರು ಬಿಟ್ಟು ಮುಂಬಯಿಗೆ ಬಂದವರ ಮಕ್ಕಳು ಮುಂಬಯಿ ಬಿಟ್ಟು ಹೊರಗೆ ಹೋಗಿದ್ದಾರೆ. ಅವರಿಗೆ ತಾವು ಬೆಳೆದ ಚಾಳಿಗೆ ಏನಾದರೂ ಮಾಡಬೇಕೆಂಬ ಮನಸ್ಸಿದೆ.

2010ರ ವಿದೇಶಿ ವಂತಿಗೆ ಕಾಯ್ದೆ, ಎಲ್ಲರೂ ಎಫ್‌ಸಿಆರ್‌ಎ ಎನ್ನುವುದು, ಅಭ್ಯರ್ಥಿಗಳಿಗೆ, ರಾಜಕೀಯ ಪಕ್ಷಗಳಿಗೆ ಮತ್ತು ರಾಜಕೀಯ ಸ್ವರೂಪದ ಸಂಘಟನೆಗಳಿಗೆ ವಿದೇಶಿ ಮೂಲದ ವಂತಿಗೆಯನ್ನು ಸಂಪೂರ್ಣ ನಿಷೇಧಿಸುತ್ತದೆ. ‘ನಾವು ರಾಜಕೀಯವಲ್ಲ, ಬರೀ ಸಾಮಾಜಿಕ’ ಎಂದರೆ ಪಾರಾಗುವುದಿಲ್ಲ. ಸಾಮಾಜಿಕ, ಸಾಂಸ್ಕೃತಿಕ, ಶೈಕ್ಷಣಿಕ ಕೆಲಸದ ಸಂಘಗಳಿಗೂ ನೋಂದಣಿ ಅಥವಾ ಮುಂಚಿನ ಅನುಮತಿ ಬೇಕು. ಅದು ಇದ್ದರೂ 2020ರ ತಿದ್ದುಪಡಿಯ ನಂತರ ಹಣ ಮೊದಲು ಬಂದು ಇಳಿಯಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲಿ. ಅಲ್ಲಿಗೆ ಬಿಟ್‌ಕಾಯಿನ್ ಹೋಗುವ ದಾರಿಯೇ ಇಲ್ಲ.

ಭಾವನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ವಂತಿಗೆ ಅಲ್ಲ. ಮಗಳು ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಚೀಟಿ ಇದ್ದರೂ ಅವಳು ವಿದೇಶಿ ಮೂಲ. ಹೆತ್ತ ತಾಯಿಗೆ ಇದನ್ನು ಹೇಳುವುದು ಸುಲಭವಲ್ಲ, ನಾನು ಹೇಳಿದ್ದೇನೆ. ಈಗ ವಾಲೆಟ್ಟಿಗೆ ಬಂದ ನಾಣ್ಯವನ್ನು ನೋಡಿ: ಅದು ಭಾವನದ್ದೋ, ಮಗಳದ್ದೋ, ಭಾವನ ಅರಬ್ ಧಣಿಯದ್ದೋ? 34 ಅಕ್ಷರಗಳಲ್ಲಿ ಪಾಸ್‌ಪೋರ್ಟಿನ ಬಣ್ಣ ಕಾಣುವುದಿಲ್ಲ. ಸಾಬೀತು ಮಾಡುವ ಹೊರೆ ಬೀಳುವುದು ನಮ್ಮ ಮೇಲೆ.

ದೊಡ್ಡವರ ಕಥೆ ಬೇರೆ. 2014ರಲ್ಲಿ ದೆಹಲಿ ಹೈಕೋರ್ಟ್ ದೇಶದ ಎರಡು ಅತಿ ದೊಡ್ಡ ಪಕ್ಷಗಳು ವಿದೇಶಿ ವಂತಿಗೆಯ ನಿಯಮ ಮುರಿದಿವೆ ಎಂದು ಹೇಳಿತು. ಆಗ 2016ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಕಾಯ್ದೆಯನ್ನೇ ಪೂರ್ವಾನ್ವಯವಾಗಿ ತಿದ್ದಲಾಯಿತು. ಗುಡ್ಡದ ಮೇಲಿನ ಗುಂಪಿಗಾಗಿ ಸಂಸತ್ತು ಅಷ್ಟು ಶ್ರಮ ತೆಗೆದುಕೊಳ್ಳುವುದಿಲ್ಲ.

ಒಂದು ಸಮಾಧಾನದ ಮಾತೂ ಇದೆ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಅಧಿಕಾರ ಹಿಡಿಯುವ ಉದ್ದೇಶವಿಲ್ಲದೆ ಜನರ ಬೇಡಿಕೆಗಾಗಿ ಬಂದ್, ಹರತಾಳ ಮಾಡಿದ ಮಾತ್ರಕ್ಕೆ ಒಂದು ಸಂಘಟನೆಯನ್ನು ‘ರಾಜಕೀಯ ಸ್ವರೂಪದ್ದು’ ಎನ್ನಲಾಗದು ಎಂದು ಹೇಳಿತು. ಆದರೆ ನಿಮ್ಮವರನ್ನು ಪಕ್ಷೇತರರಾಗಿ ನಿಲ್ಲಿಸಿದ ದಿನವೇ ಆ ನೆರಳಿನಿಂದ ನೀವು ಹೊರಗೆ.

ಅಂದಹಾಗೆ, ಭಾವನಿಗೆ ಕ್ರಿಪ್ಟೊ ಬೇಕಾಗಿಯೂ ಇಲ್ಲ. ಯುಎಇ ಸೇರಿದಂತೆ ಹತ್ತು ದೇಶಗಳ ಮೊಬೈಲ್ ಸಂಖ್ಯೆ ಇರುವ ಅನಿವಾಸಿ ಭಾರತೀಯರು ಅನಿವಾಸಿಗಳಿಗೆಂದೇ ಇರುವ ತಮ್ಮ ಎನ್‌ಆರ್‌ಇ, ಎನ್‌ಆರ್‌ಒ ಬ್ಯಾಂಕ್ ಖಾತೆಗಳಿಂದ ಯುಪಿಐ ಬಳಸಲು 2023ರಲ್ಲೇ ಅನುಮತಿ ಸಿಕ್ಕಿದೆ.

ತೆರಿಗೆ ಎಷ್ಟು?

ಲೆಕ್ಕ ಹಾಕಿಯೇ ತೋರಿಸುತ್ತೇನೆ. ಒಬ್ಬರು 40,000 ರೂಪಾಯಿಗೆ ಕೊಂಡ ನಾಣ್ಯ ಇಂದು 1,00,000 ಬಾಳುತ್ತದೆ ಎನ್ನಿ. ಅವರೇ ಮಾರಿದರೆ ಲಾಭ 60,000. ಅದಕ್ಕೆ ಶೇಕಡಾ 30ರಂತೆ 18,000, ಮೇಲೆ ಶೇಕಡಾ 4 ಸೆಸ್ 720. ಉಳಿಯುವುದು 81,280. ಮಾರುವಾಗ ಶೇಕಡಾ 1 ಟಿಡಿಎಸ್ ಕಡಿತವಾಗುತ್ತದೆ, ಆಮೇಲೆ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದ ಎದುರು ಕಳೆಯಲು ಬಿಡುವುದಿಲ್ಲ.

‘ಹಾಗಾದರೆ ನಾಣ್ಯವನ್ನೇ ಗುಂಪಿಗೆ ಕೊಟ್ಟುಬಿಡುತ್ತೇನೆ’ ಎನ್ನುವವರಿದ್ದಾರೆ. ವಿನಾಯಿತಿ ಇಲ್ಲದ ಗುಂಪಿಗೆ ಅಥವಾ ವ್ಯಕ್ತಿಗೆ ವರ್ಷದಲ್ಲಿ 50,000 ಮೀರಿದ ಬೆಲೆಯ ಇಂಥ ಉಡುಗೊರೆ ಬಂದರೆ ಅಷ್ಟೂ ಮೊತ್ತ ಪಡೆದವರ ಆದಾಯ. ಉಪಕಾರ ಮಾಡಲು ಬಂದವರು ತಮ್ಮ ತೆರಿಗೆಯನ್ನು ನಮ್ಮ ಮಡಿಲಿಗೆ ಹಾಕಿ ಹೋದಂತೆ.

ಕ್ರಿಪ್ಟೊದಲ್ಲಿ ಹೆಸರು ಗೊತ್ತಾಗುವುದಿಲ್ಲ. ಹೆದರುವವರೂ ಧೈರ್ಯವಾಗಿ ಕೊಡಬಹುದಲ್ಲ?

ಈ ಪ್ರಶ್ನೆ ಕೇಳುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪುನರಾಭಿವೃದ್ಧಿಯ ಜಗಳದಲ್ಲಿ ಬಿಲ್ಡರ್ ವಿರುದ್ಧ ಹಣ ಕೊಟ್ಟವರ ಹೆಸರು ಹೊರಬಿದ್ದರೆ ಏನಾಗುತ್ತದೆಂದು ನಮ್ಮ ಚಾಳಿನವರಿಗೆ ಗೊತ್ತು. ಆದರೆ ಕ್ರಿಪ್ಟೊ ಆ ಹೆದರಿಕೆಗೆ ಮದ್ದಲ್ಲ.

ಬ್ಲಾಕ್‌ಚೈನ್‌ನಲ್ಲಿ ಹೆಸರಿಲ್ಲ, ನಿಜ. ಆದರೆ ಪ್ರತಿಯೊಂದು ವ್ಯವಹಾರವೂ ಎಲ್ಲರ ಕಣ್ಣೆದುರಿಗೆ, ಎಂದೆಂದಿಗೂ ಇರುತ್ತದೆ. ಬಹುತೇಕರು ನಾಣ್ಯ ಕೊಳ್ಳುವುದು ಪ್ಯಾನ್, ಆಧಾರ್ ಕೊಟ್ಟು ಎಕ್ಸ್‌ಚೇಂಜಿನಲ್ಲಿ. ಅಲ್ಲಿಂದ ನಮ್ಮ ವಿಳಾಸಕ್ಕೆ ಬಂದರೆ, ಕೇಳುವ ಅಧಿಕಾರ ಇರುವವರಿಗೆ ಹೆಸರು ಸಿಗುತ್ತದೆ. ನನಗೆ ಸಿಗುವುದಿಲ್ಲ. ಗುಂಪಿನ ಖಜಾಂಚಿಗೆ ಕೊಟ್ಟವರು ಯಾರೆಂದು ತಿಳಿಯದು, ಕೊಟ್ಟವರು ಯಾರಿಗೆ ಹೆದರಿ ಮರೆಯಾದರೋ ಅವರಿಗೆ ತಿಳಿಯುತ್ತದೆ.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ಕರಪತ್ರದಲ್ಲಿ ವಿಳಾಸ ಮುದ್ರಿಸಿದ ಗಳಿಗೆಯಿಂದ ನಮ್ಮ ಹುಂಡಿಯಲ್ಲಿ ಎಷ್ಟಿದೆ ಎಂಬುದು ಬಿಲ್ಡರ್‌ಗೂ ಕಾಣುತ್ತದೆ. ತನ್ನ ಕಚೇರಿಯಲ್ಲಿ ಕುಳಿತು ಚಹಾ ಕುಡಿಯುತ್ತಾ, ಇವರ ಬಳಿ ಇನ್ನು ಹನ್ನೆರಡು ಸಾವಿರ ಉಳಿದಿದೆ, ಶಾಮಿಯಾನದ ಬಾಡಿಗೆ ದಿನಕ್ಕೆ ಇಷ್ಟು, ಧರಣಿ ಇನ್ನು ಆರು ದಿನ ನಡೆದೀತು ಎಂದು ಲೆಕ್ಕ ಹಾಕಬಲ್ಲ. ಬ್ಯಾಂಕಿನ ಪಾಸ್‌ಪುಸ್ತಕ ಕನಿಷ್ಠ ನನ್ನ ಕಪಾಟಿನಲ್ಲಿರುತ್ತದೆ.

ಹೆಸರಿಲ್ಲದ ದೊಡ್ಡ ದುಡ್ಡು ರಾಜಕೀಯಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ಚುನಾವಣಾ ಬಾಂಡ್ ನೋಡಿದ್ದೇವೆ. 2018ರ ಜನವರಿಯಲ್ಲಿ ಬಂದ ಆ ಯೋಜನೆಯನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರುವರಿ 15ರಂದು ಒಮ್ಮತದಿಂದ ರದ್ದು ಮಾಡಿತು. ಮತದಾರನಿಗೆ ತಿಳಿಯುವ ಹಕ್ಕಿದೆ ಎಂದಿತು. ಆ ತೀರ್ಪಿಗೆ ಚಪ್ಪಾಳೆ ತಟ್ಟಿದ ನಾವೇ ನಮ್ಮ ಗುಂಪಿಗೆ ಹೆಸರಿಲ್ಲದ ಹುಂಡಿ ತೆರೆದರೆ ಹೇಗೆ?

ಬೇರೆ ದೇಶಗಳಲ್ಲಿ ಕ್ರಿಪ್ಟೊದಿಂದಲೇ ಚಳವಳಿಗಳು ಉಳಿದಿವೆಯಲ್ಲ?

ಉಳಿದಿವೆ. 2010ರ ಡಿಸೆಂಬರ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್ ಬಾಗಿಲು ಮುಚ್ಚಿದ ಮೇಲೆ, ಸರ್ಕಾರಗಳ ಗುಟ್ಟಿನ ಕಡತಗಳನ್ನು ಬಯಲಿಗೆಳೆಯುವ ವಿಕಿಲೀಕ್ಸ್ 2011ರಲ್ಲಿ ಬಿಟ್‌ಕಾಯಿನ್ ಪಡೆಯತೊಡಗಿತು. 2020ರ ಅಕ್ಟೋಬರ್‌ನಲ್ಲಿ ನೈಜೀರಿಯಾದ ಪೊಲೀಸ್ ದೌರ್ಜನ್ಯದ ವಿರುದ್ಧ ಯುವಜನ ಬೀದಿಗಿಳಿದಾಗ, ಫೆಮಿನಿಸ್ಟ್ ಕೊಯಲಿಷನ್ ಎಂಬ ಹೆಂಗಸರ ಗುಂಪು ಗಾಯಾಳುಗಳ ಚಿಕಿತ್ಸೆ, ವಕೀಲರ ವೆಚ್ಚಕ್ಕೆ ಹಣ ಕೂಡಿಸುತ್ತಿತ್ತು. ಬ್ಯಾಂಕಿನ ದಾರಿ ಮುಚ್ಚಿತು, ಅವರು ಬಿಟ್‌ಕಾಯಿನ್‌ಗೆ ಹೊರಳಿದರು. 2022ರ ಫೆಬ್ರುವರಿ 26ರಂದು ಉಕ್ರೇನ್ ಸರ್ಕಾರವೇ ತನ್ನ ವಾಲೆಟ್ ವಿಳಾಸಗಳನ್ನು ಜಗತ್ತಿಗೆ ಸಾರಿತು.

ಈ ಕಥೆಗಳನ್ನು ಪೂರ್ತಿ ಹೇಳಬೇಕು. ನೈಜೀರಿಯಾದಲ್ಲಿ ಮರುವರ್ಷದ ಫೆಬ್ರುವರಿಯಲ್ಲೇ ಕೇಂದ್ರ ಬ್ಯಾಂಕ್ ಕ್ರಿಪ್ಟೊ ವ್ಯವಹಾರದ ಖಾತೆಗಳನ್ನು ಮುಚ್ಚುವಂತೆ ಬ್ಯಾಂಕುಗಳಿಗೆ ಆದೇಶಿಸಿತು. ಕೆನಡಾದ ಲಾರಿ ಚಾಲಕರ ಪ್ರತಿಭಟನೆಯಲ್ಲಿ, 2022ರ ಫೆಬ್ರುವರಿ 14ರಂದು ತುರ್ತು ಕಾಯ್ದೆ ಜಾರಿಯಾದ ಮೇಲೆ, ಪೊಲೀಸರು ಮೂವತ್ತಕ್ಕೂ ಹೆಚ್ಚು ವಾಲೆಟ್ ವಿಳಾಸಗಳ ಪಟ್ಟಿಯನ್ನು ಎಕ್ಸ್‌ಚೇಂಜ್‌ಗಳಿಗೆ ಕಳುಹಿಸಿದರು. ನಾಣ್ಯವನ್ನು ಯಾರೂ ಕಿತ್ತುಕೊಳ್ಳಲಾರರು ಎಂಬುದು ಅರ್ಧ ನಿಜ. ಅದನ್ನು ಅಕ್ಕಿ, ಬೇಳೆ, ಡೀಸೆಲ್ ಮಾಡಿಕೊಳ್ಳುವ ಜಾಗದಲ್ಲಿ ಪೊಲೀಸರು ಕಾಯುತ್ತಾ ನಿಲ್ಲಬಹುದು.

ಬ್ಯಾಂಕಿನ ಬಾಗಿಲು ನಿಜವಾಗಿ ಮುಚ್ಚಿದವರಿಗೆ ಇದು ಕೊನೆಯ ಕಿಟಕಿ. ನಮ್ಮ ಬಾಗಿಲು ತೆರೆದೇ ಇದೆ.

ಅಮೆರಿಕ, ಬ್ರಿಟನ್‌ಗಳಲ್ಲಿ ಅನುಮತಿ ಇದೆಯಂತೆ?

ಅಮೆರಿಕದ ಫೆಡರಲ್ ಚುನಾವಣಾ ಆಯೋಗ 2014ರ ಮೇ ತಿಂಗಳಲ್ಲಿ ಒಂದು ರಾಜಕೀಯ ಸಮಿತಿಗೆ ಒಬ್ಬರಿಂದ 100 ಡಾಲರ್ ಬೆಲೆಯವರೆಗೆ ಬಿಟ್‌ಕಾಯಿನ್ ಪಡೆಯಲು ಒಪ್ಪಿಗೆ ಕೊಟ್ಟಿತು, ಆದರೆ ಕೊಟ್ಟವರ ಹೆಸರು, ವಿಳಾಸ, ಉದ್ಯೋಗ ಬರೆದುಕೊಂಡು. ಕ್ಯಾಲಿಫೋರ್ನಿಯಾ 2018ರಲ್ಲಿ ನಿಷೇಧಿಸಿತು, 2022ರಲ್ಲಿ ನಿಷೇಧ ತೆಗೆಯಿತು. ಬ್ರಿಟನ್‌ನಲ್ಲಿ 500 ಪೌಂಡ್ ಮೀರಿದ ದೇಣಿಗೆಯಾದರೆ ಕೊಟ್ಟವರು ಅರ್ಹರೇ ಎಂದು ಪಕ್ಷವೇ ಪರಿಶೀಲಿಸಬೇಕು. ರಿಫಾರ್ಮ್ ಯುಕೆ ಪಕ್ಷ 2025ರಲ್ಲಿ ಬಿಟ್‌ಕಾಯಿನ್ ಪಡೆಯುವುದಾಗಿ ಸಾರಿದ ಮೇಲೆ ಅಲ್ಲಿ ದೊಡ್ಡ ಚರ್ಚೆಯೇ ಎದ್ದಿತು.

ಅಲ್ಲಿನ ಇನ್ನೊಂದು ಪ್ರಕರಣ ನಮಗೆ ಹತ್ತಿರದ್ದು. ಎಫ್‌ಟಿಎಕ್ಸ್ ಎಂಬ ಎಕ್ಸ್‌ಚೇಂಜ್ 2022ರ ನವೆಂಬರ್‌ನಲ್ಲಿ ದಿವಾಳಿಯಾಯಿತು. ಅದರ ಮಾಲೀಕರ ಕಡೆಯಿಂದ ದೇಣಿಗೆ ಪಡೆದಿದ್ದ ರಾಜಕಾರಣಿಗಳಿಗೆ ಮರುವರ್ಷ ‘ಹಣ ಹಿಂದಿರುಗಿಸಿ’ ಎಂಬ ಪತ್ರಗಳು ಹೋದವು. ಮೂಲ ಕೊಳೆತಿದ್ದರೆ ಖರ್ಚಾದ ದುಡ್ಡೂ ಹಿಂದೆ ಬಂದು ಬಾಗಿಲು ತಟ್ಟುತ್ತದೆ.

ವಾಲೆಟ್ ಯಾರ ಬಳಿ ಇರಬೇಕು?

ಒಬ್ಬರ ಬಳಿ ಇದ್ದರೆ ಅದು ಗುಂಪಿನದ್ದಲ್ಲ, ಅವರದ್ದು. ಮೂರು ಕೀಲಿಗಳಲ್ಲಿ ಎರಡು ಸೇರಿದರೆ ಮಾತ್ರ ತೆರೆಯುವ ವಾಲೆಟ್ ಮಾಡಿಕೊಳ್ಳಬಹುದು. ಬ್ಯಾಂಕ್ ಖಾತೆಯ ಜಂಟಿ ಸಹಿಯಂತೆಯೇ. ನಾವು ಪರೀಕ್ಷೆಗೆಂದು ಹಾಗೆಯೇ ಮಾಡಿದೆವು.

ಪ್ರತಿ ಕೀಲಿಗೂ 12 ಅಥವಾ 24 ಇಂಗ್ಲಿಷ್ ಪದಗಳ ಒಂದು ಸರಣಿ ಇರುತ್ತದೆ. ಮೊಬೈಲ್ ಕಳೆದರೆ ಆ ಪದಗಳೇ ಗತಿ. ಫೋಟೊ ತೆಗೆಯಬಾರದು, ಕಾಗದದಲ್ಲಿ ಬರೆಯಬೇಕು. ನಾನು ಬರೆದು ಕಪಾಟಿನ ಮೇಲಿನ ಡಬ್ಬಿಯಲ್ಲಿಟ್ಟೆ. ಜುಲೈ ತಿಂಗಳಲ್ಲಿ ಚಾವಣಿ ಸೋರಿತು. ಡಬ್ಬಿ ತೆರೆದಾಗ ಏಳನೆಯ ಪದ ನೀಲಿ ಮಸಿಯ ಮೋಡವಾಗಿತ್ತು. ಲ್ಯಾಮಿನೇಷನ್ ಮಾಡಿಸೋಣವೆಂದರೆ ಅಂಗಡಿಯವನು ಓದುತ್ತಾನೆ! ಕೊನೆಗೆ ಸೀಸದ ಕಡ್ಡಿಯಲ್ಲಿ ಹೊಸದಾಗಿ ಬರೆದು, ಹಾಲಿನ ಎರಡು ಪೊಟ್ಟಣದಲ್ಲಿ ಸುತ್ತಿ, ಮೇಣದ ಬತ್ತಿಯಿಂದ ಅಂಚು ಅಂಟಿಸಿದೆ.

ಎಕ್ಸ್‌ಚೇಂಜಿನಲ್ಲೇ ಬಿಟ್ಟರೆ ಈ ತಾಪತ್ರಯ ಇಲ್ಲ ಎನ್ನುತ್ತಾರೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳು ಕಳುವಾದವು, ಅದೂ ಹಲವು ಕೀಲಿಗಳ ವಾಲೆಟ್ಟಿನಿಂದಲೇ. ಗ್ರಾಹಕರು ತಿಂಗಳುಗಟ್ಟಲೆ ತಮ್ಮದನ್ನು ತೆಗೆಯಲಾಗದೆ ಕುಳಿತರು.

ಬೆಲೆ ಏರಿದರೆ ಗುಂಪಿಗೆ ಲಾಭವಲ್ಲವೇ?

ಇಳಿದರೆ? ಚರಂಡಿ ಪೈಪಿಗೆಂದು ಕೊಟ್ಟದ್ದನ್ನು ಜೂಜಿಗೆ ಇಡಲು ನಮಗೆ ಯಾರೂ ಹೇಳಿಲ್ಲ.

ನಮ್ಮದೇ ಒಂದು ಟೋಕನ್, ಅಂದರೆ ಗುಂಪಿನದೇ ಕ್ರಿಪ್ಟೊ ನಾಣ್ಯ, ಹೊರಡಿಸೋಣವೇ?

ಬೇಡ.

ಪರಿಚಯದವರಿಗೆ ನೇರವಾಗಿ ಮಾರಿ ರೂಪಾಯಿ ಮಾಡಿಕೊಳ್ಳಬಹುದೇ?

ಇದರಲ್ಲಿ ನಮ್ಮ ಕೈ ಸುಟ್ಟಿದೆ. ನಮ್ಮ ಸದಸ್ಯರೊಬ್ಬರು ತಮ್ಮ ಸ್ವಂತ ಯುಎಸ್‌ಡಿಟಿಯನ್ನು ಮೊಬೈಲ್ ಮೂಲಕ ಸಿಕ್ಕ ಅಪರಿಚಿತನಿಗೆ ಮಾರಿದರು. 28,000 ರೂಪಾಯಿ ತಕ್ಷಣ ಖಾತೆಗೆ ಬಂತು. ಹತ್ತನೆಯ ದಿನ ಖಾತೆ ಸ್ತಬ್ಧ. ಆ ದುಡ್ಡು ಬೇರೆ ರಾಜ್ಯದ ಯಾರೋ ಮುದುಕರಿಗೆ ವಂಚಿಸಿ ತೆಗೆದದ್ದಂತೆ. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದರು, ಹಣದ ಜಾಡು ನಮ್ಮವರ ಖಾತೆಗೆ ಬಂದು ನಿಂತಿತು. ಬ್ಯಾಂಕಿನವರು ಪೊಲೀಸರನ್ನು ಕೇಳಿ ಎಂದರು, ಪೊಲೀಸರು ಬ್ಯಾಂಕನ್ನು ಕೇಳಿ ಎಂದರು. ಏಳು ವಾರ ಸಂಬಳ ಒಳಗೇ ಸಿಕ್ಕಿಕೊಂಡಿತು, ಮಗಳ ಕಾಲೇಜಿನ ಶುಲ್ಕ ಕಟ್ಟಲು ಹೆಂಡತಿಯ ಬಳೆ ಅಡವಿಗೆ ಹೋಯಿತು. ಅದು ಗುಂಪಿನ ಖಾತೆಯಾಗಿದ್ದರೆ? ಮಾರುವುದಾದರೆ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿತವಾದ ಎಕ್ಸ್‌ಚೇಂಜಿನಲ್ಲಿ, ಸ್ವಂತ ಹೆಸರಿನಲ್ಲಿ ಮಾತ್ರ ಮಾರಿ.

ಕರಪತ್ರದಲ್ಲಿ ಕ್ಯೂಆರ್ ಕೋಡ್ ಹಾಕಿದರೆ ಸಾಕಲ್ಲ?

ಕ್ಷೌರದಂಗಡಿಯ ಗೋಡೆಗೆ ಅಂಟಿಸಿದ ನಮ್ಮ ಕರಪತ್ರದ ಯುಪಿಐ ಕೋಡಿನ ಮೇಲೆ ಯಾರೋ ತಮ್ಮದನ್ನು ಅಂಟಿಸಿದ್ದರು. ಕೊಟ್ಟವರ ಮೊಬೈಲಿನಲ್ಲಿ ಬೇರೆ ಹೆಸರು ಕಂಡದ್ದರಿಂದ ಅರ್ಧ ದಿನದಲ್ಲಿ ಗೊತ್ತಾಯಿತು. ಕ್ರಿಪ್ಟೊ ಕೋಡಿನಲ್ಲಿ ಹೆಸರೇ ಕಾಣುವುದಿಲ್ಲ. ದುಡ್ಡು ಬಂತೆಂದು ಕೂಗಿ ಹೇಳುವ ಡಬ್ಬಿಯೂ ಇಲ್ಲ.

ನಮ್ಮ ವಿರೋಧಿಗಳು ಇದನ್ನು ಹೇಗೆ ಬಳಸಿಕೊಳ್ಳಬಹುದು?

ಬಿಟ್‌ಕಾಯಿನ್ ಎಂಬ ಪದವೇ ಸಾಕು. 2021ರಲ್ಲಿ ಕರ್ನಾಟಕದ ರಾಜಕೀಯವನ್ನು ಬಿಟ್‌ಕಾಯಿನ್ ಹಗರಣದ ಗದ್ದಲ ಅಲುಗಾಡಿಸಿತು. 2024ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ವಿಧಾನಸಭಾ ಮತದಾನದ ಮುನ್ನಾದಿನ ಧ್ವನಿಮುದ್ರಿಕೆಗಳೊಂದಿಗೆ ಬಿಟ್‌ಕಾಯಿನ್ ಆರೋಪ ಸಿಡಿಯಿತು, ಆರೋಪಕ್ಕೊಳಗಾದವರು ನಿರಾಕರಿಸಿದರು. ದೊಡ್ಡ ಪಕ್ಷಗಳಿಗೆ ಪತ್ರಿಕಾಗೋಷ್ಠಿ ಕರೆಯುವ ಶಕ್ತಿ ಇದೆ. ನಮಗೆ ಇರುವುದು ಮೂಲೆಯ ಚಹಾದಂಗಡಿ.

ಹಾಗಾದರೆ ಕ್ರಿಪ್ಟೊ ಇರುವವರು ಕೊಡಲೇಬಾರದೇ?

ಕೊಡಲಿ, ಧಾರಾಳವಾಗಿ ಕೊಡಲಿ. ನಾಣ್ಯವನ್ನು ಅವರೇ ಮಾರಲಿ, ಅವರ ತೆರಿಗೆಯನ್ನು ಅವರೇ ಕಟ್ಟಲಿ, ರೂಪಾಯಿಯನ್ನು ಬ್ಯಾಂಕಿನಿಂದ ಕಳುಹಿಸಲಿ. ಮೇಲಿನ ಲೆಕ್ಕದಲ್ಲಿ 81,280 ಉಳಿದವರು ಹತ್ತು ಸಾವಿರ ಕೊಟ್ಟರೂ ನಮಗೆ ಹಬ್ಬ. ಕೊಡುವುದು ನೋಂದಾಯಿತ ಪಕ್ಷಕ್ಕಾದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ, ನಗದಲ್ಲದ ದೇಣಿಗೆಗೆ 80ಜಿಜಿಸಿ ಕಲಮಿನ ವಿನಾಯಿತಿಯೂ ಇದೆ. ನಮ್ಮಂಥ ಗುಂಪಿಗೆ ಕೊಟ್ಟವರಿಗೆ ಸಿಗುವುದು ರಸೀದಿ ಮಾತ್ರ.

ರಸೀದಿಗೆ ಅಷ್ಟು ಮಹತ್ವ ಏಕೆ?

ಮಾಟುಂಗಾದ ಹೋಟೆಲೊಂದರಲ್ಲಿ ದೋಸೆ ಹೊಯ್ಯುವ ಕಾರ್ಕಳದವರೊಬ್ಬರು ನಮ್ಮಲ್ಲಿದ್ದಾರೆ. ತಿಂಗಳ ಮೊದಲ ಸೋಮವಾರ, ಅವರ ರಜೆಯ ದಿನ, ಐವತ್ತು ರೂಪಾಯಿ ತರುತ್ತಾರೆ. ನಾನು ಕಾರ್ಬನ್ ಕಾಗದ ಇಟ್ಟು ಬರೆದ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಮೊಬೈಲಿನ ಹಿಂಬದಿಯ ಕವಚದೊಳಗೆ ಸೇರಿಸುತ್ತಾರೆ. ಕಳೆದ ಮೇ ತಿಂಗಳ ಸಭೆಯಲ್ಲಿ ಅದೇ ಕವಚ ಬಿಚ್ಚಿ, ಹನ್ನೊಂದು ರಸೀದಿಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, “ಪೈಪಿಗೆ 1,840 ಎಂದು ಬರೆದಿದ್ದೀರಿ ಅಕ್ಕ, ಅಂಗಡಿಯ ಬಿಲ್ಲು ಎಲ್ಲಿ?” ಎಂದರು. ಬಿಲ್ಲು ನನ್ನ ಚೀಲದಲ್ಲೇ ಇತ್ತು, ಆದರೆ ಹುಡುಕುವಷ್ಟು ಹೊತ್ತು ಬೆವರಿದೆ. 550 ರೂಪಾಯಿ ಕೊಟ್ಟವರು ಹಾಗೆ ಎದುರು ಕುಳಿತು ಕೇಳಬಲ್ಲರು. 34 ಅಕ್ಷರದ ವಿಳಾಸ ಸಭೆಗೆ ಬರುವುದಿಲ್ಲ.

ಮಂಗಳೂರಿನಿಂದ 1949ರಲ್ಲಿ ಈ ಊರಿಗೆ ಬಂದು ಫುಟ್‌ಪಾತಿನಲ್ಲಿ ಮಲಗಿದ್ದ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್. ಕೆ. ಪಾಟೀಲರಂಥವರನ್ನು ಸೋಲಿಸಿದ್ದರ ಹಿಂದೆ ಇದ್ದವರು ಟ್ಯಾಕ್ಸಿಯವರು, ಹೋಟೆಲಿನವರು, ಪಾಲಿಕೆಯ ಕಾರ್ಮಿಕರು. ನಮ್ಮ ಹಿರಿಯ ಸದಸ್ಯರಿಗೆ ಈ ಕಥೆ ಹೇಳಲು ಅವಕಾಶ ಸಿಕ್ಕರೆ ಸಭೆ ಮುಗಿಯುವುದಿಲ್ಲ. ನಾನು ಇಲ್ಲಿಗೇ ನಿಲ್ಲಿಸುತ್ತೇನೆ.

ಕೇಳದೆಯೇ ನಾಣ್ಯ ಬಂದುಬಿಟ್ಟರೆ? ನಿಮ್ಮ ಗುಂಪಿಗೆ ಬಂದದ್ದು ಏನಾಯಿತು?

ಪರೀಕ್ಷೆಗೆಂದು ಮಾಡಿದ ವಾಲೆಟ್ಟಿನ ವಿಳಾಸವನ್ನು ನಮ್ಮ ಹುಡುಗ ಉತ್ಸಾಹದಲ್ಲಿ ವಾಟ್ಸ್‌ಆಪ್‌ನಲ್ಲಿ ಹಂಚಿದ್ದ. ಒಂದು ರಾತ್ರಿ 310 ಯುಎಸ್‌ಡಿಟಿ ಬಂದು ಕುಳಿತಿತ್ತು. ಯಾರು, ಎಲ್ಲಿಂದ, ಏಕೆ, ಏನೂ ಇಲ್ಲ. ಹಿಂದಕ್ಕೆ ಕಳುಹಿಸೋಣವೆಂದರೆ ಅದು ಎಕ್ಸ್‌ಚೇಂಜೊಂದರ ಸಾಮಾನ್ಯ ವಿಳಾಸದಿಂದ ಬಂದದ್ದು. ಅಲ್ಲಿಗೆ ಮರಳಿಸಿದರೆ ಕೊಟ್ಟವರ ಖಾತೆಗೆ ಸೇರುವ ಖಾತರಿಯಿಲ್ಲ, ಸಮುದ್ರಕ್ಕೆ ಸುರಿದಂತೆ.

ಬಂದ ದಿನ, ಗಂಟೆ, ಮೊತ್ತ, ಆ ದಿನದ ರೂಪಾಯಿ ಬೆಲೆ, ವ್ಯವಹಾರದ ಸಂಖ್ಯೆ ಎಲ್ಲವನ್ನೂ ಪುಸ್ತಕದ ಪ್ರತ್ಯೇಕ ಪುಟದಲ್ಲಿ ಬರೆದೆ. ದೇಣಿಗೆ ಎಂದು ಬರೆಯಲಿಲ್ಲ, ‘ಮೂಲ ತಿಳಿಯದ್ದು, ಮುಟ್ಟಿಲ್ಲ’ ಎಂದು ಬರೆದೆ. ಸಭೆಯ ಠರಾವು ಮಾಡಿಸಿ ಸಹಿ ಹಾಕಿಸಿದೆ. ನಮ್ಮ ಸಿಎ ಅವರಿಗೆ ಪ್ರತಿ ಕೊಟ್ಟೆ. ಮೂರು ಭಾಷೆಗಳಲ್ಲಿ ಸೂಚನಾ ಫಲಕ ಹಾಕಿದೆವು: ಕಳುಹಿಸಿದವರು ತಮ್ಮ ಎಕ್ಸ್‌ಚೇಂಜಿನ ದಾಖಲೆ ತೋರಿಸಿ ಹಿಂದಕ್ಕೆ ಪಡೆಯಬಹುದು. ಮೊದಲ ವಾರದಲ್ಲೇ ಇಬ್ಬರು ಬಂದು ತಮ್ಮದೆಂದರು. ಎಷ್ಟು ಹೊತ್ತಿಗೆ ಕಳುಹಿಸಿದಿರಿ ಎಂದು ಕೇಳಿದ್ದಕ್ಕೆ ಒಬ್ಬರು ಮಧ್ಯಾಹ್ನ ಎಂದರು, ಇನ್ನೊಬ್ಬರು ನನ್ನನ್ನೇ ಕೇಳಿದರು.

ಎಂಟು ತಿಂಗಳಾಯಿತು. ಮೂರು ಕೀಲಿಗಳಲ್ಲಿ ಒಂದು ನನ್ನ ಬಳಿ, ಹಾಲಿನ ಪೊಟ್ಟಣದೊಳಗೆ. ಎರಡನೆಯದು ಹುಡುಗನ ಬಳಿ. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ. ಮೂರನೆಯದನ್ನು ಇಟ್ಟುಕೊಂಡಿರುವ ದೋಸೆಯವರು ಗದ್ದೆ ನಾಟಿಗೆ ಊರಿಗೆ ಹೋಗಿದ್ದಾರೆ, ಚೌತಿ ಮುಗಿಸಿ ಬರುತ್ತಾರೆ.